ಚೀಟಿ ಎಲ್ಲಿ ನಿಂತಿತು? ವಿಂಡೋಸ್ ಡೊಮೇನ್, ಲಿನಕ್ಸ್ ಸರ್ವರ್ ಮತ್ತು ಮತ್ತೆ ಮತ್ತೆ ಕೇಳುವ ಪಾಸ್‌ವರ್ಡ್

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಆಫೀಸಿನಿಂದ ಸೋಮವಾರ ಮಧ್ಯಾಹ್ನ ಫೋನು ಬಂತು. ಅಲ್ಲಿನ ಕಂಪ್ಯೂಟರುಗಳೆಲ್ಲ ವಿಂಡೋಸ್, ಎಲ್ಲವೂ ಒಂದೇ ಡೊಮೇನಿಗೆ, ಅಂದರೆ ಎಲ್ಲರ ಖಾತೆಗಳನ್ನೂ ಒಂದೇ ಕಡೆ ನೋಡಿಕೊಳ್ಳುವ ಜಾಲಕ್ಕೆ, ಸೇರಿದವು. ಹಾಜರಿ ಮತ್ತು ರಜೆ ಅರ್ಜಿಯ ವೆಬ್ ಪುಟ ಮಾತ್ರ ಲಿನಕ್ಸ್ ಸರ್ವರಿನಲ್ಲಿ, ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶದ ಮೇಲೆ ನಡೆಯುತ್ತದೆ. ಬೆಳಗ್ಗೆ ಒಮ್ಮೆ ವಿಂಡೋಸಿಗೆ ಲಾಗಿನ್ ಆದರೆ ಸಾಕು, ಈ ಪುಟ ಪಾಸ್‌ವರ್ಡ್ ಕೇಳದೆ ತೆರೆದುಕೊಳ್ಳಬೇಕು. ಸಿಂಗಲ್ ಸೈನ್ ಆನ್ ಎನ್ನುವುದು ಇದಕ್ಕೇ.

“ಸಾರ್, ನಂಗೆ ಪಾಸ್‌ವರ್ಡ್ ಕೇಳ್ತಾನೇ ಇದೆ, ಹಾಕಿದ್ರೂ ತಗೋತಿಲ್ಲ. ಪಕ್ಕದ ಟೇಬಲ್ಲಿನವ್ರಿಗೆ ಸಲೀಸಾಗಿ ತೆರ್ಕೊಳ್ತಾ ಇದೆ. ಇಬ್ರದೂ ಒಂದೇ ಥರದ ಸಿಸ್ಟಮ್ಮು” ಎಂದರು ಅಕೌಂಟ್ಸ್ ವಿಭಾಗದ ಮೇಡಂ. ನಾನು ತಲುಪುವಷ್ಟರಲ್ಲಿ ಇನ್ನೊಂದು ಆಗಿತ್ತು. ಯಾರೋ ಹೇಳಿದರೆಂದು ಪಕ್ಕದ ಟೇಬಲ್ಲಿನವರೂ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ್ದರು. ಈಗ ಅವರಿಗೂ ಪುಟ ತೆರೆಯುತ್ತಿರಲಿಲ್ಲ.

ಸರಿಯಾಗಿದ್ದದ್ದು ರೀಸ್ಟಾರ್ಟ್ ಮಾಡಿದ ಮೇಲೆ ಕೆಟ್ಟಿತು ಎನ್ನುವುದು ಈ ವಿಷಯದಲ್ಲಿ ದೊಡ್ಡ ಸುಳಿವು. ಆದರೆ ಅದು ಸುಳಿವಾಗಿ ಕಾಣಬೇಕಾದರೆ ಒಳಗೆ ನಡೆಯುವ ವ್ಯವಹಾರ ಗೊತ್ತಿರಬೇಕು. ಗೊತ್ತಿಲ್ಲದಾಗ ಎಲ್ಲರೂ ಮಾಡುವುದು ಒಂದೇ: ಕಾನ್ಫಿಗರೇಶನ್ ಫೈಲು ತೆರೆದು ಸಾಲು ಸಾಲಾಗಿ ಬದಲಿಸುತ್ತಾ ಹೋಗುವುದು. ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದ್ದೇನೆ. ಈಗ ಫೈಲು ಮುಟ್ಟುವ ಮೊದಲು ಕೇಳುವ ಪ್ರಶ್ನೆ ಬೇರೆ: ಚೀಟಿ ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು?

ಚೀಟಿ ಎಂದರೆ ಕರ್ಬರಾಸ್ ಟಿಕೆಟ್. ಕರ್ಬರಾಸ್ ಹುಟ್ಟಿದ್ದು ಅಮೆರಿಕದ ಎಂಐಟಿಯಲ್ಲಿ, 1983ರಲ್ಲಿ ಶುರುವಾದ ಅಥೀನಾ ಯೋಜನೆಯ ಭಾಗವಾಗಿ. ಇಂದು ಬಳಕೆಯಲ್ಲಿರುವ ಐದನೆಯ ಆವೃತ್ತಿ ಮೊದಲು ಪ್ರಕಟವಾದದ್ದು 1993ರಲ್ಲಿ. ವಿಂಡೋಸ್ 2000ದ ಜೊತೆ ಆಕ್ಟಿವ್ ಡೈರೆಕ್ಟರಿ, ಅಂದರೆ ಡೊಮೇನಿನ ಖಾತೆಗಳ ದಾಖಲೆ ಪುಸ್ತಕ, ಬಂದಾಗ ಮೈಕ್ರೋಸಾಫ್ಟ್ ಇದನ್ನೇ ತನ್ನ ಡೊಮೇನಿನ ಮುಖ್ಯ ವಿಧಾನವಾಗಿ ತೆಗೆದುಕೊಂಡಿತು. ಹಾಗಾಗಿ ಲಿನಕ್ಸ್ ಮತ್ತು ವಿಂಡೋಸ್ ಈ ವಿಷಯದಲ್ಲಿ ಆಡುವ ಭಾಷೆ ಒಂದೇ. ಎರಡರ ನಡುವೆ ತಾಳ ತಪ್ಪುವುದು ಭಾಷೆಯಲ್ಲಲ್ಲ, ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕಾದ ಮೂರು ಸಂಗತಿಗಳಲ್ಲಿ: ಹೆಸರು, ಗಂಟೆ, ಬೀಗದಕೈ.

ಬೀಗದಕೈ ಯಾಕೆ ಬಂತು ಎಂದು ಹೇಳುತ್ತೇನೆ. ಮೈಸೂರಿನಲ್ಲಿ ಒಂದು ಹೆಡ್ಡಾಫೀಸು, ಮಂಡ್ಯದಲ್ಲಿ ಅದರ ಗೋಡೌನು ಇದೆ ಎನ್ನಿ. ಗೋಡೌನಿನ ಸ್ಟೋರ್‌ಕೀಪರಿಗೆ ಫೋನಿಲ್ಲ. ಬಂದವನು ಆಫೀಸಿನವನೋ ಅಲ್ಲವೋ ಎಂದು ವಿಚಾರಿಸುವ ದಾರಿಯೇ ಇಲ್ಲ. ಆದರೆ ಒಂದು ಬೀಗಕ್ಕೆ ಎರಡು ಬೀಗದಕೈ ಮಾಡಿಸಿ ಒಂದನ್ನು ಆಫೀಸಿನಲ್ಲಿ, ಇನ್ನೊಂದನ್ನು ಸ್ಟೋರ್‌ಕೀಪರ್ ಹತ್ತಿರ ಇಟ್ಟಿದ್ದಾರೆ. ಆಫೀಸಿನವರು ನಿಮ್ಮ ಹೆಸರು, ಹೊತ್ತು ಎಲ್ಲ ಬರೆದ ಚೀಟಿಯನ್ನು ಡಬ್ಬಿಯೊಳಗಿಟ್ಟು ಬೀಗ ಹಾಕಿ ನಿಮ್ಮ ಕೈಗೆ ಕೊಡುತ್ತಾರೆ. ನೀವು ಅದನ್ನು ತೆರೆಯಲಾರಿರಿ, ಬಸ್ಸು ಹತ್ತಿ ಮಂಡ್ಯಕ್ಕೆ ಒಯ್ಯುತ್ತೀರಿ ಅಷ್ಟೆ. ಸ್ಟೋರ್‌ಕೀಪರ್ ತನ್ನ ಬೀಗದಕೈ ಹಾಕಿ ತಿರುಗಿಸುತ್ತಾನೆ. ತೆರೆಯಿತೋ, ಇದು ಆಫೀಸಿನಿಂದಲೇ ಬಂದದ್ದು ಎಂದು ನಂಬುತ್ತಾನೆ. ತೆರೆಯಲಿಲ್ಲವೋ, ನೀವು ಯಾರಾದರೂ ಸರಿ, ವಾಪಸ್.

ಹೆಡ್ಡಾಫೀಸು ಎಂದರೆ ಡೊಮೇನಿನ ಖಾತೆಗಳನ್ನು ನೋಡಿಕೊಳ್ಳುವ ಸರ್ವರ್, ಡೊಮೇನ್ ಕಂಟ್ರೋಲರ್. ಸ್ಟೋರ್‌ಕೀಪರ್ ನಮ್ಮ ಲಿನಕ್ಸ್ ಸರ್ವರ್. ಅವನ ಹತ್ತಿರವಿರುವ ಬೀಗದಕೈ ಕೀಟ್ಯಾಬ್ ಎಂಬ ಫೈಲು. ಇದರಲ್ಲಿ ಬಹಳ ಜನರ ಗಮನಕ್ಕೆ ಬಾರದ ಮಾತೊಂದಿದೆ: ಚೀಟಿ ಪರೀಕ್ಷಿಸುವ ಹೊತ್ತಿನಲ್ಲಿ ಲಿನಕ್ಸ್ ಸರ್ವರ್ ಡೊಮೇನ್ ಕಂಟ್ರೋಲರನ್ನು ಏನೂ ಕೇಳುವುದಿಲ್ಲ. ಕೈಯಲ್ಲಿರುವ ಬೀಗದಕೈಯೊಂದೇ ಆಧಾರ. ಅಲ್ಲಿ ಬೀಗ ಬದಲಾದ ಸುದ್ದಿ ಇಲ್ಲಿಗೆ ತಾನಾಗಿ ಬರುವುದಿಲ್ಲ.

ದಾರಿ ಹೀಗಿದೆ. ಬೆಳಗ್ಗೆ ನೀವು ಪಾಸ್‌ವರ್ಡ್ ಹಾಕಿದಾಗ ಡೊಮೇನ್ ಕಂಟ್ರೋಲರ್ 88ನೇ ಪೋರ್ಟಿನಲ್ಲಿ ನಿಮಗೊಂದು ಮೂಲ ಟಿಕೆಟ್ ಕೊಡುತ್ತದೆ. ಅದು ಇಡೀ ದಿನದ ಪಾಸು ಇದ್ದಂತೆ. ಆಕ್ಟಿವ್ ಡೈರೆಕ್ಟರಿಯಲ್ಲಿ ಬೇರೇನೂ ಬದಲಿಸದಿದ್ದರೆ 10 ಗಂಟೆ ನಡೆಯುತ್ತದೆ. ನೀವು ಹಾಜರಿ ಪುಟ ತೆರೆದಾಗ ಸರ್ವರ್ ಮೊದಲು 401 ಎಂದು ಉತ್ತರಿಸಿ, ಜೊತೆಗೆ ‘ನೆಗೋಷಿಯೇಟ್’ ಎಂಬ ಒಂದು ಪದ ಕಳಿಸುತ್ತದೆ, ಗುರುತು ತೋರಿಸು ಎಂದು. ಆಗ ಬ್ರೌಸರ್ ವಿಂಡೋಸನ್ನು ಕೇಳಿ, ವಿಂಡೋಸ್ ಆ ದಿನದ ಪಾಸನ್ನು ತೋರಿಸಿ, ಡೊಮೇನ್ ಕಂಟ್ರೋಲರಿನಿಂದ ಆ ಸರ್ವರಿಗೆಂದೇ ಇನ್ನೊಂದು ಟಿಕೆಟ್ ತರುತ್ತದೆ. ಬೀಗ ಹಾಕಿದ ಡಬ್ಬಿ ಎಂದದ್ದು ಇದನ್ನೇ. ಅದು ಎಚ್‌ಟಿಟಿಪಿ ಹೆಡರಿನಲ್ಲಿ ಕೂತು ಸರ್ವರಿಗೆ ಹೋಗುತ್ತದೆ. ಬಾಗಿಲು ತೆರೆಯುತ್ತದೆ.

ಈ ದಾರಿಯನ್ನು ಎರಡಾಗಿ ಸೀಳುವ ಆಜ್ಞೆ ವಿಂಡೋಸಿನಲ್ಲೇ ಇದೆ: ‘ಕೆಲಿಸ್ಟ್’. ಪುಟ ತೆರೆಯಲು ಯತ್ನಿಸಿ ಸೋತ ಮೇಲೆ, ಅದೇ ಕಂಪ್ಯೂಟರಿನಲ್ಲಿ, ಅದೇ ಬಳಕೆದಾರರ ಲಾಗಿನ್‌ನಲ್ಲಿ, ಕಮಾಂಡ್ ಪ್ರಾಂಪ್ಟಿನಲ್ಲಿ ಅದನ್ನು ಕೊಡಿ. ಕೈಯಲ್ಲಿರುವ ಟಿಕೆಟ್ಟುಗಳ ಪಟ್ಟಿ ಬರುತ್ತದೆ. ಅದರಲ್ಲಿ ‘ಎಚ್‌ಟಿಟಿಪಿ’, ಒಂದು ಓರೆಗೆರೆ, ನಿಮ್ಮ ಸರ್ವರಿನ ಪೂರ್ತಿ ಹೆಸರು, ಹೀಗೊಂದು ಟಿಕೆಟ್ ಇದೆಯೇ? ಇದ್ದರೆ ಮೈಸೂರಿನ ಆಫೀಸು ತನ್ನ ಕೆಲಸ ಮಾಡಿದೆ, ತೊಂದರೆ ಮಂಡ್ಯದ ಗೋಡೌನಿನಲ್ಲಿ. ಇಲ್ಲದಿದ್ದರೆ ಚೀಟಿ ಹೊರಟೇ ಇಲ್ಲ. ಲಿನಕ್ಸ್ ಸರ್ವರಿನ ಫೈಲುಗಳನ್ನು ಎಷ್ಟು ತಿದ್ದಿದರೂ ಅದು ಹೊರಡುವುದಿಲ್ಲ. ಅರ್ಧ ನಿಮಿಷದ ಈ ಪರೀಕ್ಷೆ ನನ್ನ ಎಷ್ಟೋ ಮಧ್ಯಾಹ್ನಗಳನ್ನು ಉಳಿಸಿದೆ.

ಚೀಟಿ ಹೊರಡದಿರುವುದಕ್ಕೆ ಬಹುಪಾಲು ಕಾರಣ ಹೆಸರು. ಜನ ಪುಟವನ್ನು ಐಪಿ ವಿಳಾಸದಿಂದ ಬುಕ್‌ಮಾರ್ಕ್ ಮಾಡಿಟ್ಟುಕೊಂಡಿರುತ್ತಾರೆ. ಐಪಿ ವಿಳಾಸಕ್ಕೆ ವಿಂಡೋಸ್ ಸಾಮಾನ್ಯವಾಗಿ ಕರ್ಬರಾಸ್ ಟಿಕೆಟ್ ಕೇಳುವುದೇ ಇಲ್ಲ, ಹಳೆಯ ಎನ್‌ಟಿಎಲ್‌ಎಂ ವಿಧಾನಕ್ಕೆ ಇಳಿಯುತ್ತದೆ; ಕರ್ಬರಾಸ್ ಮಾತ್ರ ಬಲ್ಲ ಅಪಾಚೆ ಮಾಡ್ಯೂಲಿಗೆ ಅದು ಅರ್ಥವಾಗದೆ ಪಾಸ್‌ವರ್ಡ್ ಪೆಟ್ಟಿಗೆ ಎದುರಿಗೆ ಬರುತ್ತದೆ. ಯಾವುದು ಹೋಗುತ್ತಿದೆ ಎಂದು ತಿಳಿಯಲು ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು ಹೆಡರಿನಲ್ಲಿ ‘ನೆಗೋಷಿಯೇಟ್’ ಪದದ ಮುಂದಿನ ಅಕ್ಷರಗಳನ್ನು ನೋಡಿ. ಇಂಗ್ಲಿಷಿನ ವೈ, ಐ, ಐ ಎಂದು ಶುರುವಾದರೆ ಸಾಮಾನ್ಯವಾಗಿ ಕರ್ಬರಾಸ್. ಟಿ, ಎಲ್, ಆರ್, ಎಂ ಎಂದು ಶುರುವಾದರೆ ಎನ್‌ಟಿಎಲ್‌ಎಂ.

ಬ್ರೌಸರ್ ಏನನ್ನೂ ಕಳಿಸದೆ ಸುಮ್ಮನಿದ್ದರೆ ಆ ಪುಟವನ್ನು ಅದು ನಂಬುತ್ತಿಲ್ಲ ಎಂದರ್ಥ. ಕ್ರೋಮ್ ಮತ್ತು ಎಡ್ಜಿಗೆ ಆ ಹೆಸರು ವಿಂಡೋಸಿನ ಲೋಕಲ್ ಇಂಟ್ರಾನೆಟ್ ವಲಯದಲ್ಲಿರಬೇಕು ಅಥವಾ ಗ್ರೂಪ್ ಪಾಲಿಸಿಯ ಅನುಮತಿ ಪಟ್ಟಿಯಲ್ಲಿರಬೇಕು. ಫೈರ್‌ಫಾಕ್ಸಿಗೆ ಅದರದೇ ನಂಬಿಕೆಯ ಪಟ್ಟಿಯಿದೆ, ಅಲ್ಲಿ ಬೇರೆಯಾಗಿ ಸೇರಿಸಬೇಕು.

ಹೆಸರಿನ ಇನ್ನೊಂದು ಮುಖ ಸರ್ವಿಸ್ ಪ್ರಿನ್ಸಿಪಲ್ ನೇಮ್, ಚಿಕ್ಕದಾಗಿ ಎಸ್‌ಪಿಎನ್. ‘ಈ ಸರ್ವರಿನ ಬೀಗ ಯಾರ ಹೆಸರಿನಲ್ಲಿದೆ’ ಎಂಬ ಆಫೀಸಿನ ದಾಖಲೆ ಅದು. ಪುಟ ಎಚ್‌ಟಿಟಿಪಿಎಸ್ ಆದರೂ ಎಸ್‌ಪಿಎನ್‌ನಲ್ಲಿ ಬರೆಯಬೇಕಾದದ್ದು ಎಚ್‌ಟಿಟಿಪಿ ಎಂದೇ. ಕೊನೆಗೊಂದು ಎಸ್ ಸೇರಿಸಿ ದಿನ ಕಳೆದವರನ್ನು ನೋಡಿದ್ದೇನೆ. ‘ಸೆಟ್‌ಎಸ್‌ಪಿಎನ್’ ಆಜ್ಞೆಗೆ ಕ್ಯೂ ಆಯ್ಕೆ ಕೊಟ್ಟರೆ ಒಂದು ಹೆಸರು ಯಾವ ಖಾತೆಯಲ್ಲಿದೆ ಎಂದು ಹೇಳುತ್ತದೆ, ಎಕ್ಸ್ ಕೊಟ್ಟರೆ ಎರಡು ಖಾತೆಗಳಲ್ಲಿ ನಕಲಾಗಿರುವ ಹೆಸರುಗಳನ್ನು ತೋರಿಸುತ್ತದೆ. ಒಂದೇ ಹೆಸರು ಎರಡು ಖಾತೆಯಲ್ಲಿದ್ದರೆ ಯಾರ ಬೀಗ ಹಾಕಬೇಕೆಂದು ಆಫೀಸಿಗೇ ತಿಳಿಯದು, ಚೀಟಿ ಕೊಡುವುದಿಲ್ಲ. ಡೊಮೇನ್ ಕಂಟ್ರೋಲರಿನ ಸೆಕ್ಯುರಿಟಿ ಲಾಗಿನಲ್ಲಿ 4769 ಸಂಖ್ಯೆಯ ಈವೆಂಟುಗಳು ಇಂಥ ಕೋರಿಕೆಗಳ ದಾಖಲೆ.

ಡಿಎನ್‌ಎಸ್‌ನಲ್ಲಿ ಅಡ್ಡಹೆಸರು, ಅಂದರೆ ಸಿನೇಮ್, ಕೊಟ್ಟಿದ್ದರೂ ಎಚ್ಚರ. ಕ್ರೋಮ್ ಮತ್ತು ಎಡ್ಜ್ ಬೇರೆ ನೀತಿ ಹಾಕದಿದ್ದರೆ ಅಡ್ಡಹೆಸರಿನ ಹಿಂದಿರುವ ನಿಜ ಹೆಸರನ್ನು ಹುಡುಕಿ ಅದಕ್ಕೇ ಟಿಕೆಟ್ ಕೇಳುತ್ತವೆ. ಬ್ರೌಸರಿನಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಒಂದು ಹೆಸರು ಕಾಣುತ್ತದೆ, ‘ಕೆಲಿಸ್ಟ್’ನಲ್ಲಿ ಇನ್ನೊಂದು. ನಂಬಬೇಕಾದದ್ದು ‘ಕೆಲಿಸ್ಟ್’ ಹೇಳುವುದನ್ನು. ಲಿನಕ್ಸ್ ಕಡೆಯಲ್ಲೂ ಹೀಗೆ ಐಪಿಯಿಂದ ಹಿಂದಕ್ಕೆ ಹೆಸರು ಹುಡುಕುವ ಅಭ್ಯಾಸವಿದೆ. ಹಿಮ್ಮುಖ ಡಿಎನ್‌ಎಸ್ ಅಚ್ಚುಕಟ್ಟಾಗಿಲ್ಲದ ಊರಿನಲ್ಲಿ ಕರ್ಬರಾಸ್ ಕಾನ್ಫಿಗರೇಶನ್ ಫೈಲಿನ ‘ಆರ್‌ಡಿಎನ್‌ಎಸ್’ ಸಾಲನ್ನು ಫಾಲ್ಸ್ ಮಾಡುವುದು ಕ್ಷೇಮ. ಅದೇ ಫೈಲಿನಲ್ಲಿ ರೆಲ್ಮ್ ಹೆಸರು, ಅಂದರೆ ಕರ್ಬರಾಸ್ ಲೆಕ್ಕದಲ್ಲಿ ಡೊಮೇನಿನ ಹೆಸರು, ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಇರಬೇಕು. ನಮ್ಮ ಲಿಪಿಯಲ್ಲಿ ಆ ಭೇದವೇ ಇಲ್ಲದ್ದರಿಂದಲೋ ಏನೋ, ಹೊಸಬರ ಕಣ್ಣು ಇದರ ಮೇಲೆ ಜಾರಿಹೋಗುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ಎಚ್‌ಟಿಟಿಪಿ ಎಸ್‌ಪಿಎನ್ ನೀವು ನೋಂದಾಯಿಸಿಯೇ ಇಲ್ಲ, ಆದರೆ ಲಿನಕ್ಸ್ ಸರ್ವರನ್ನು ಡೊಮೇನಿಗೆ ಸೇರಿಸಿದ್ದೀರಿ ಎನ್ನಿ. ಸೇರಿಸುವಾಗ ಅದರ ಯಂತ್ರದ ಖಾತೆಗೆ ‘ಹೋಸ್ಟ್’ ಎಂಬ ಹೆಸರು ಬಂದಿರುತ್ತದೆ. ಆಕ್ಟಿವ್ ಡೈರೆಕ್ಟರಿ ಎಚ್‌ಟಿಟಿಪಿಯನ್ನೂ ಆ ಹೋಸ್ಟ್ ಹೆಸರಿನಡಿಯಲ್ಲೇ ಎಣಿಸಿ ಟಿಕೆಟ್ ಕೊಟ್ಟುಬಿಡುತ್ತದೆ. ಡಬ್ಬಿಗೆ ಬಿದ್ದದ್ದು ಯಂತ್ರದ ಖಾತೆಯ ಬೀಗ. ಅಪಾಚೆಯ ಕೈಯಲ್ಲಿರುವುದು ಬೇರೆ ಖಾತೆಯ ಬೀಗದಕೈ. ಟಿಕೆಟ್ ಕಣ್ಣಿಗೆ ಕಾಣುತ್ತದೆ, ಬಾಗಿಲು ತೆರೆಯುವುದಿಲ್ಲ. ಹೀಗಾಗಿ ಟಿಕೆಟ್ ಇದೆ ಎಂದಾಗಲೂ ಅದು ಯಾವ ಖಾತೆಯದು ಎಂದು ಒಮ್ಮೆ ‘ಸೆಟ್‌ಎಸ್‌ಪಿಎನ್’ನಿಂದ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಇನ್ನು ಗಂಟೆ. ಕರ್ಬರಾಸ್ ಎರಡು ಗಡಿಯಾರಗಳ ನಡುವೆ ಸಾಮಾನ್ಯವಾಗಿ 5 ನಿಮಿಷದ ವ್ಯತ್ಯಾಸವನ್ನು ಮಾತ್ರ ಸಹಿಸುತ್ತದೆ. ಇದು ಎಲ್ಲರಿಗೂ ಗೊತ್ತು, ಎಲ್ಲರೂ ಗಡಿಯಾರ ನೋಡುತ್ತಾರೆ. ಮಂಡ್ಯದ ಒಂದು ಶಾಖೆಯಲ್ಲಿ ಹೊಸದಾಗಿ ಕಟ್ಟಿದ ಸರ್ವರಿನ ಮುಂದೆ ಕೂತಾಗ ನಾನೂ ನೋಡಿದೆ. ಸರ್ವರಿನಲ್ಲಿ 10:40. ಪಕ್ಕದ ವಿಂಡೋಸಿನಲ್ಲಿ 10:40. ಗೋಡೆಯ ಗಡಿಯಾರದಲ್ಲೂ ಅಷ್ಟೇ. ಆದರೂ ಲಾಗಿನಲ್ಲಿ ಗಂಟೆ ಹೊಂದುತ್ತಿಲ್ಲವೆಂಬ ದೂರು ಸಾಲಾಗಿ ಬೀಳುತ್ತಿತ್ತು. ‘ಟೈಮ್‌ಡೇಟ್‌ಸಿಟಿಎಲ್’ ಕೊಟ್ಟಾಗ ಗೊತ್ತಾಯಿತು: ಸರ್ವರಿನ ಕಾಲವಲಯ ಯುಟಿಸಿ, ಅಂದರೆ ಜಗತ್ತಿನ ಪ್ರಮಾಣ ಕಾಲ, ಎಂದೇ ಉಳಿದಿತ್ತು, ಕಟ್ಟಿದವರು ಗಡಿಯಾರದ ಮುಳ್ಳನ್ನು ಮಾತ್ರ ನಮ್ಮ ಹೊತ್ತಿಗೆ ತಿರುಗಿಸಿದ್ದರು. ಕರ್ಬರಾಸ್ ಗೋಡೆಯ ಗಡಿಯಾರ ನೋಡುವುದಿಲ್ಲ, ಯುಟಿಸಿ ನೋಡುತ್ತದೆ. ಕಣ್ಣಿಗೆ ಒಂದೇ ಎಂದು ಕಂಡ ಎರಡು 10:40ರ ನಡುವೆ ಐದೂವರೆ ಗಂಟೆಯ ಅಂತರವಿತ್ತು. ಕಾಲವಲಯವನ್ನು ಏಷ್ಯಾ/ಕೋಲ್ಕತ್ತಾ ಎಂದು ಸರಿಪಡಿಸಿ, ಗಂಟೆ ಹೊಂದಿಸುವ ಕ್ರೋನಿ ಎಂಬ ತಂತ್ರಾಂಶವನ್ನು ಡೊಮೇನ್ ಕಂಟ್ರೋಲರಿನ ಗಡಿಯಾರಕ್ಕೆ ಕಟ್ಟಿದ ಮೇಲೆ ದೂರು ನಿಂತಿತು. ಗಡಿಯಾರವನ್ನು ಎಂದಿಗೂ ಕೈಯಿಂದ ತಿರುಗಿಸಬೇಡಿ ಎಂದು ಅಲ್ಲಿನ ಹುಡುಗನಿಗೆ ಬಿಡಿಸಿ ಹೇಳಿ ಬಂದೆ.

ಅನುಮತಿಯ ವಿಷಯ ಬೇಗ ಮುಗಿಯುತ್ತದೆ. ಕೀಟ್ಯಾಬ್ ಫೈಲನ್ನು ರೂಟ್, ಅಂದರೆ ಸರ್ವರಿನ ಮೇಲಧಿಕಾರಿ ಖಾತೆ, ಮಾತ್ರ ಓದಬಹುದೆಂದು ಇಟ್ಟರೆ ಅಪಾಚೆಯ ಬಳಕೆದಾರ ಅದನ್ನು ಓದಲಾರ. ರೂಟ್ ಆಗಿ ಪರೀಕ್ಷಿಸಿದಾಗ ಎಲ್ಲ ಸರಿಯಾಗಿರುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ‘ಸುಡೂ’ದಿಂದ ಅಪಾಚೆಯ ಬಳಕೆದಾರನಾಗಿಯೇ ಓದಿ ನೋಡಿ, ರೆಡ್ ಹ್ಯಾಟ್ ಬಗೆಯ ಲಿನಕ್ಸಾದರೆ ಎಸ್‌ಇಲಿನಕ್ಸ್ ಎಂಬ ಭದ್ರತಾ ಕಾವಲು ತಡೆಯುತ್ತಿದೆಯೇ ಎಂದೂ ನೋಡಿ. ಹಾಗೆಯೇ, ಎಲ್ಲರಿಗೂ ತೆರೆಯುವ ಪುಟ ಒಬ್ಬ ಹಿರಿಯ ಮ್ಯಾನೇಜರಿಗೆ ಮಾತ್ರ 400 ಎಂಬ ದೋಷ ಕೊಟ್ಟರೆ ಅವರು ಬಹಳ ಗುಂಪುಗಳ ಸದಸ್ಯರಿರಬಹುದು. ಗುಂಪುಗಳ ಪಟ್ಟಿ ಟಿಕೆಟ್ಟಿನೊಳಗೇ ಹೋಗುವುದರಿಂದ ಅದು ಉಬ್ಬುತ್ತದೆ, ಅಪಾಚೆ ಒಂದು ಹೆಡರಿಗೆ ಸಾಮಾನ್ಯವಾಗಿ 8190 ಬೈಟ್ ಮಾತ್ರ ಬಿಡುತ್ತದೆ. ಆ ಮಿತಿ ಏರಿಸಿದರಾಯಿತು.

ಈಗ ಹೆಬ್ಬಾಳದ ಆಫೀಸಿಗೆ ಬರೋಣ. ಮೇಡಂ ಕಂಪ್ಯೂಟರಿನಲ್ಲಿ ‘ಕೆಲಿಸ್ಟ್’ ಕೊಟ್ಟೆ. ಟಿಕೆಟ್ ಇತ್ತು, ಹೆಸರು ಸರಿಯಿತ್ತು, ಖಾತೆಯೂ ಸರಿ. ಹಾಗಾದರೆ ತೊಂದರೆ ಗೋಡೌನಿನ ಕಡೆ. ಗಂಟೆ ನೋಡಿದೆ, ಸರಿಯಿತ್ತು. ಉಳಿದದ್ದು ಬೀಗದಕೈ.

ಪ್ರತಿ ಬೀಗದಕೈಗೂ ಒಂದು ಆವೃತ್ತಿ ಸಂಖ್ಯೆ ಇರುತ್ತದೆ. ಖಾತೆಯ ಪಾಸ್‌ವರ್ಡ್ ಬದಲಾದ ಪ್ರತಿ ಸಲ ಅದು ಒಂದು ಏರುತ್ತದೆ. ಲಿನಕ್ಸ್ ಸರ್ವರಿನಲ್ಲಿ ‘ಕೆಲಿಸ್ಟ್’ಗೆ ಕೆ, ಟಿ, ಇ ಎಂಬ ಮೂರು ಆಯ್ಕೆ ಸೇರಿಸಿ ಕೀಟ್ಯಾಬ್ ತೋರಿಸಿದರೆ ಫೈಲಿನಲ್ಲಿರುವ ಸಂಖ್ಯೆ, ದಿನಾಂಕ, ಗೂಢಲಿಪಿಯ ವಿಧಾನ ಮೂರೂ ಕಾಣುತ್ತವೆ. ಅಲ್ಲಿ 3 ಇತ್ತು. ಆಮೇಲೆ ‘ಕೆಇನಿಟ್’ನಿಂದ ನನ್ನ ಹೆಸರಿನಲ್ಲಿ ಲಾಗಿನ್ ಆಗಿ, ‘ಕೆವಿಎನ್‌ಒ’ ಆಜ್ಞೆಗೆ ಸರ್ವರಿನ ಎಸ್‌ಪಿಎನ್ ಕೊಟ್ಟೆ. ಆಫೀಸು ಈಗ ಯಾವ ಬೀಗ ಹಾಕುತ್ತಿದೆ ಎಂದು ಇದು ಹೇಳುತ್ತದೆ. ಉತ್ತರ: 4.

ಅಲ್ಲಿಗೆ ಅರ್ಧ ದಿನದ ಕಥೆ ಬಿಚ್ಚಿಕೊಂಡಿತು. ಅವತ್ತು ಬೆಳಗ್ಗೆ 11ರ ಸುಮಾರಿಗೆ ಕಾರ್ಖಾನೆಯ ಆಫೀಸಿನವರೇ ಇನ್ನೊಂದು ಹೊಸ ಸರ್ವರಿಗಾಗಿ, ಅದೇ ಸರ್ವಿಸ್ ಖಾತೆಯ ಮೇಲೆ, ಡೊಮೇನ್ ಕಂಟ್ರೋಲರಿನಲ್ಲಿ ‘ಕೆಟಿಪಾಸ್’ ಓಡಿಸಿ ಹೊಸ ಕೀಟ್ಯಾಬ್ ಮಾಡಿಕೊಂಡಿದ್ದರು. ‘ಕೆಟಿಪಾಸ್’ ಬೀಗದಕೈಯ ನಕಲು ಮಾಡಿಕೊಡುವುದಿಲ್ಲ. ಖಾತೆಗೆ ಪಾಸ್‌ವರ್ಡ್ ಮತ್ತೆ ಹಾಕಿ ಬೀಗವನ್ನೇ ಬದಲಿಸುತ್ತದೆ. ಹಾಕಿದ್ದು ಹೊಸ ಪಾಸ್‌ವರ್ಡ್, ಹೊಸ ಸರ್ವರಿಗೆ ಹೊಸ ಬೀಗದಕೈ ಸಿಕ್ಕಿತು. ಹಳೆಯ ಸರ್ವರಿನ ಕೈಯಲ್ಲಿದ್ದದ್ದು ಆ ಗಳಿಗೆಯಿಂದ ಹೊಸ ಚೀಟಿಗಳ ಪಾಲಿಗೆ ನಿಷ್ಪ್ರಯೋಜಕ.

ಪಕ್ಕದ ಟೇಬಲ್ಲಿನವರು 9 ಗಂಟೆಗೇ ಹಾಜರಿ ಹಾಕಿದ್ದರು. ಅವರ ಹತ್ತಿರ ಹಳೆಯ ಬೀಗ ಬಿದ್ದ ಡಬ್ಬಿಯೇ ಇತ್ತು, ಸಂಜೆಯವರೆಗೂ ಅದು ನಡೆಯುತ್ತಿತ್ತು. ಮೇಡಂ ಬ್ಯಾಂಕಿಗೆ ಹೋಗಿ 11:30ಕ್ಕೆ ಬಂದು ಪುಟ ತೆರೆದರು, ಅವರಿಗೆ ಸಿಕ್ಕಿದ್ದು ಹೊಸ ಬೀಗದ ಡಬ್ಬಿ. ಆಫ್ ಮಾಡಿ ಆನ್ ಮಾಡಿದಾಗ ಪಕ್ಕದವರ ಕೈಯಲ್ಲಿದ್ದ ಹಳೆಯ ಟಿಕೆಟ್ ಹೋಗಿ ಹೊಸದು ಬಂತು, ಅವರೂ ಹೊರಗೆ ನಿಂತರು. ಇಬ್ಬರ ಕಂಪ್ಯೂಟರಿನಲ್ಲೂ ಏನೂ ಕೆಟ್ಟಿರಲಿಲ್ಲ. ‘ಕೆಲವರಿಗೆ ಆಗ್ತಿದೆ, ಕೆಲವರಿಗೆ ಆಗ್ತಿಲ್ಲ’ ಎಂಬ ದೂರು ಬಂದಾಗ ನಾನು ಈಗ ಮೊದಲು ಕೇಳುವುದು, ಆಗುತ್ತಿರುವವರು ಎಷ್ಟು ಹೊತ್ತಿಗೆ ಲಾಗಿನ್ ಆದರು ಎಂದು.

ಇದೇ ರೋಗ ಬೇರೆ ರೂಪದಲ್ಲೂ ಬರುತ್ತದೆ. ಯಂತ್ರದ ಖಾತೆಯ ಕೀಟ್ಯಾಬ್ ಬಳಸುವಲ್ಲಿ, ಲಿನಕ್ಸನ್ನು ಡೊಮೇನಿಗೆ ಜೋಡಿಸುವ ಎಸ್‌ಎಸ್‌ಎಸ್‌ಡಿ ತಂತ್ರಾಂಶ ಸಾಮಾನ್ಯವಾಗಿ 30 ದಿನಕ್ಕೊಮ್ಮೆ ಆ ಪಾಸ್‌ವರ್ಡ್ ಬದಲಿಸುತ್ತದೆ. ಯಾರಾದರೂ ವರ್ಚುವಲ್ ಯಂತ್ರವನ್ನು ಎರಡು ತಿಂಗಳ ಹಿಂದಿನ ಸ್ನ್ಯಾಪ್‌ಶಾಟಿಗೆ ಮರಳಿಸಿದರೆ ಅದರ ಜೊತೆ ಹಳೆಯ ಬೀಗದಕೈಯೂ ಮರಳಿ ಬರುತ್ತದೆ, ಡೊಮೇನಿನಲ್ಲಿ ಬೀಗ ಮಾತ್ರ ಹೊಸದೇ. ಆಗ ಮತ್ತೆ ಡೊಮೇನಿಗೆ ಸೇರಿಸುವುದೇ ಸುಲಭದ ದಾರಿ.

ಸಂಖ್ಯೆ ಹೊಂದಿಯೂ ಬೀಗ ತೆರೆಯದಿರುವುದುಂಟು. ಒಂದು ಕಾರಣ ಗೂಢಲಿಪಿಯ ವಿಧಾನ: ಆರ್‌ಸಿ4 ಹಳೆಯದು, ದುರ್ಬಲ; ಎಇಎಸ್ ಹೊಸದು, ಗಟ್ಟಿ. ಹಳೆಯ ಸರ್ವಿಸ್ ಖಾತೆಗಳಿಗೆ ಎಇಎಸ್ ಗುರುತು ಹಾಕದಿದ್ದರೆ ಟಿಕೆಟ್ ಆರ್‌ಸಿ4ನಲ್ಲಿ ಬರಬಹುದು; ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಿಂದ ಈಚೆಗೆ ಆರ್‌ಸಿ4 ತಾನಾಗಿ ಮುಚ್ಚಿರುತ್ತದೆ. 2022ರ ನವೆಂಬರಿನ ವಿಂಡೋಸ್ ಅಪ್‌ಡೇಟಿನ ಬಳಿಕ ಮೈಕ್ರೋಸಾಫ್ಟ್ ಕೂಡ ಎಇಎಸ್ ಕಡೆಗೇ ತಳ್ಳುತ್ತಿದೆ. ಆರ್‌ಸಿ4 ತೆರೆದು ಜಾರಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಖಾತೆಯಲ್ಲಿ ಎಇಎಸ್ 256 ಗುರುತು ಹಾಕಿ, ಪಾಸ್‌ವರ್ಡ್ ಬದಲಿಸಿ, ಹೊಸ ಕೀಟ್ಯಾಬ್ ತೆಗೆಯಿರಿ.

ಇನ್ನೊಂದು ಕಾರಣ ಸಾಲ್ಟ್, ನಮ್ಮ ಉಪ್ಪು. ಎಇಎಸ್ ಬೀಗದಕೈ ಪಾಸ್‌ವರ್ಡಿನಿಂದ ಮಾತ್ರ ತಯಾರಾಗುವುದಿಲ್ಲ, ಅದಕ್ಕೆ ಒಂದು ಪದವನ್ನು ಬೆರೆಸುತ್ತಾರೆ. ಆಕ್ಟಿವ್ ಡೈರೆಕ್ಟರಿಯಲ್ಲಿ ಬಳಕೆದಾರ ಖಾತೆಗಾದರೆ ಅದು ದೊಡ್ಡಕ್ಷರದ ರೆಲ್ಮ್ ಹೆಸರು ಮತ್ತು ಖಾತೆಯ ಲಾಗಿನ್ ಹೆಸರು ಸೇರಿದ್ದು. ಲಿನಕ್ಸಿನಲ್ಲಿ ‘ಕೆಟಿಯುಟಿಲ್’ನಿಂದ ಕೈಯಾರೆ ಕೀಟ್ಯಾಬ್ ಮಾಡುವವರು ಎಸ್‌ಪಿಎನ್ ಹೆಸರು ಕೊಟ್ಟರೆ ಅದು ಎಸ್‌ಪಿಎನ್‌ನ ಉಪ್ಪನ್ನೇ ಹಾಕುತ್ತದೆ. ಪಾಸ್‌ವರ್ಡ್ ಅದೇ, ಸಂಖ್ಯೆ ಅದೇ, ಉಪ್ಪು ಬೇರೆ, ಬೀಗ ತೆರೆಯದು. ಆರ್‌ಸಿ4ಗೆ ಉಪ್ಪು ಇಲ್ಲದ್ದರಿಂದ ಅದರಲ್ಲಿ ಕೆಲಸ ಮಾಡಿ ಎಇಎಸ್‌ನಲ್ಲಿ ಸೋಲುವುದೇ ಇದರ ಲಕ್ಷಣ. ಅನುಮಾನವಿದ್ದರೆ ‘ಕೆವಿಎನ್‌ಒ’ಗೆ ಕೆ ಆಯ್ಕೆಯೊಂದಿಗೆ ಕೀಟ್ಯಾಬ್ ತೋರಿಸಿ, ಟಿಕೆಟ್ ತರಿಸಿ ಆ ಬೀಗದಕೈಯಿಂದ ತೆರೆದು ನೋಡಿ ಹೇಳುತ್ತದೆ. ಅಪಾಚೆಯನ್ನು ಮುಟ್ಟದೆ ಮಾಡಬಹುದಾದ ಪರೀಕ್ಷೆ ಇದು.

ಹೆಬ್ಬಾಳದಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಹೊಸ ಸರ್ವರಿಗೆಂದು ಮಾಡಿದ ಕೀಟ್ಯಾಬಿನಲ್ಲಿ ಹಳೆಯ ಸರ್ವರಿನ ಎಸ್‌ಪಿಎನ್ ಇರಲಿಲ್ಲ. ಹಾಗಾಗಿ 11 ಗಂಟೆಗೆ ಹಾಕಿದ ಅದೇ ಪಾಸ್‌ವರ್ಡ್ ಕೇಳಿ ತೆಗೆದುಕೊಂಡು, ಸರಿಯಾದ ಉಪ್ಪಿನೊಂದಿಗೆ 4ನೇ ಸಂಖ್ಯೆಯ ಬೀಗದಕೈ ಮಾಡಿ ಹಳೆಯ ಕೀಟ್ಯಾಬಿಗೆ ಸೇರಿಸಿದೆ. 3ನೆಯದನ್ನು ಅಳಿಸಲಿಲ್ಲ. ಒಂದು ಕೀಟ್ಯಾಬಿನಲ್ಲಿ ಎರಡೂ ಇರಬಹುದು, ಬೆಳಗ್ಗೆಯ ಟಿಕೆಟ್ ಹಿಡಿದಿರುವವರಿಗೆ ಸಂಜೆಯವರೆಗೆ 3 ಬೇಕು. ‘ಕೆವಿಎನ್‌ಒ’ ಟಿಕೆಟ್ ತೆರೆಯಿತೆಂದಿತು, ಅಪಾಚೆ ರೀಲೋಡ್ ಮಾಡಿದೆ. ಮೇಡಂ ಪುಟವನ್ನು ರಿಫ್ರೆಶ್ ಮಾಡಿದರು, ಏನೂ ಕೇಳದೆ ಅವರ ಹೆಸರು ಮೇಲ್ಮೂಲೆಯಲ್ಲಿ ಬಂತು. “ನಾನು ಬಂದಿದ್ದು ಒಂಬತ್ತಕ್ಕೇ ಸಾರ್, ಹಾಜರಿ ಈಗ ಬಿದ್ರೆ ಅರ್ಧ ದಿನ ರಜೆ ಅಂತ ತೋರ್ಸಲ್ವಾ?” ಎಂದು ಕೇಳಿದರು. ಅದನ್ನು ಎಚ್‌ಆರ್ ವಿಭಾಗದವರಿಂದ ತಿದ್ದಿಸಿದೆವು.

ಹೊರಡುವ ಮೊದಲು ಹೊಸ ಸರ್ವರಿಗೆ ಅದರದೇ ಬೇರೆ ಸರ್ವಿಸ್ ಖಾತೆ ಮಾಡಿಕೊಟ್ಟೆ. ಹಳೆಯ ಖಾತೆಯ ವಿವರಣೆಯ ಜಾಗ ಆಕ್ಟಿವ್ ಡೈರೆಕ್ಟರಿಯಲ್ಲಿ ಖಾಲಿಯಿತ್ತು. ಅಲ್ಲಿ ಹೀಗೆ ಬರೆದೆ: ‘ಹಾಜರಿ ಸರ್ವರಿನ ಬೀಗದಕೈ ಈ ಖಾತೆಯದು. ಪಾಸ್‌ವರ್ಡ್ ಬದಲಿಸಿದರೆ ಅಥವಾ ಕೆಟಿಪಾಸ್ ಓಡಿಸಿದರೆ ಅಲ್ಲಿನ ಕೀಟ್ಯಾಬ್ ಕೂಡ ಅದೇ ದಿನ ಬದಲಿಸಬೇಕು.’